43 ಫೋಟೋ, ಒಂದು ಹಕ್ಕಿ

ವಾಕಿಂಗ್ ಮುಗಿಸಿ ಮನೆಗೆ ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲು ಕ್ಯಾಮೆರಾ ಆನ್ ಮಾಡಿದೆ. ಒಟ್ಟು 43 ಫೋಟೋ. ಅದರಲ್ಲಿ 31ರಲ್ಲಿ ಜೊಂಡು ಬಹಳ ಚೆನ್ನಾಗಿ ಬಂದಿತ್ತು. ಎಲೆಯ ಗೆರೆಗಳನ್ನು ಒಂದೊಂದಾಗಿ ಎಣಿಸಬಹುದು, ಅಷ್ಟು ಸ್ಪಷ್ಟ. ಅದರ ಹಿಂದೆ ಕಂದು ಬಣ್ಣದ ಮುದ್ದೆಯೊಂದು ಮಸುಕುಮಸುಕಾಗಿ ಕೂತಿತ್ತು. ಇನ್ನೊಂದು ಒಂಬತ್ತರಲ್ಲಿ ನನ್ನ ಕೈ ಅಲುಗಿತ್ತು. ಉಳಿದ ಮೂರೇ ಮೂರು ಫೋಟೋದಲ್ಲಿ ಹಕ್ಕಿ ಹಕ್ಕಿಯ ಹಾಗೆ ಕಾಣುತ್ತಿತ್ತು.

ಆ ಕೆರೆ ಏರಿಯ ಮೇಲೆ ನಾನು ಎರಡು ವರ್ಷದಿಂದ ಸಂಜೆ ನಡೆಯುತ್ತಿದ್ದೇನೆ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಎಲ್ಲ ದಿನಾ ಕಾಣುವ ಮುಖಗಳೇ. ಇದು ಮಾತ್ರ ಹೊಸದು. ಗುಂಡುಗುಂಡಾದ ಮೈ, ಕುತ್ತಿಗೆಯನ್ನೇ ಮನೆಯಲ್ಲಿ ಬಿಟ್ಟು ಬಂದ ಹಾಗೆ ಹೆಗಲೊಳಗೆ ಹುದುಗಿದ ತಲೆ, ದಪ್ಪ ಕೊಕ್ಕು. ಕಂದು ರೆಕ್ಕೆಯ ಮೇಲೆ ಸುಣ್ಣ ಚಿಮುಕಿಸಿದಂಥ ಚುಕ್ಕೆಗಳು, ಎದೆಯ ಮೇಲೆ ಉದ್ದುದ್ದ ಗೆರೆಗಳು. ಹತ್ತು ನಿಮಿಷ ಒಂದೇ ಭಂಗಿಯಲ್ಲಿ ಕೂತಿತ್ತು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ನನಗಿತ್ತು. ಹಾರಿಹೋದೀತು ಎಂಬ ಭಯಕ್ಕೆ ಬಟನ್ ಒತ್ತಿದ್ದೇ ಒತ್ತಿದ್ದು.

ಮೂರು ಫೋಟೋಗಳಲ್ಲಿ ಒಂದನ್ನು ಆರಿಸಿ ಹಕ್ಕಿ ಗುರುತಿಸುವ ಆ್ಯಪ್‌ಗೆ ಹಾಕಿದೆ. ಎಲ್ಲಿ ತೆಗೆದದ್ದು, ಯಾವತ್ತು ತೆಗೆದದ್ದು ಎಂದು ಅದು ಕೇಳಿತು. ಆಮೇಲೆ ತುಂಬಿದರಾಯಿತು ಎಂದು ದಾಟಿಸಿದೆ. ಎರಡು ಹೆಸರು ಬಂದವು: ಮೊದಲನೆಯದು ಬಿಟರ್ನ್, ಎರಡನೆಯದು ಕೊಳದ ಬಕ. ಕೊಳದ ಬಕ ನನಗೆ ಗೊತ್ತಿರುವ ಹಕ್ಕಿ, ಇದು ಅದಲ್ಲ. ಹಾಗಾದರೆ ಬಿಟರ್ನ್! ಅದರ ಬಗ್ಗೆ ಓದಿದಷ್ಟೂ ಖುಷಿ ಏರಿತು. ಜೊಂಡಿನೊಳಗೇ ಬದುಕುವ ನಾಚಿಕೆಯ ಹಕ್ಕಿ. ಅಪಾಯ ಕಂಡರೆ ಕೊಕ್ಕನ್ನು ನೆಟ್ಟಗೆ ಆಕಾಶಕ್ಕೆ ಎತ್ತಿ ತಾನೂ ಒಂದು ಜೊಂಡಿನ ಕಡ್ಡಿಯಂತೆ ನಿಂತುಬಿಡುತ್ತದೆ, ಗಾಳಿಗೆ ಜೊಂಡು ತೂಗಿದರೆ ತಾನೂ ತೂಗುತ್ತದೆ. ಗಂಡು ಕೂಗಿದರೆ ಮಂದ್ರದ ಆ ದನಿ ಕಿಲೋಮೀಟರುಗಟ್ಟಲೆ ದೂರ ಕೇಳುತ್ತದಂತೆ. ಇಂಥ ಹಕ್ಕಿ ನನ್ನ ಕಣ್ಣಿಗೆ ಬಿತ್ತಲ್ಲ! ಫೋಟೋಗಳನ್ನು ಒಂದು ಫೋಲ್ಡರಿಗೆ ಹಾಕಿ 'ಬಿಟರ್ನ್ ಖಚಿತ' ಎಂದು ಹೆಸರಿಟ್ಟೆ. ಆ 'ಖಚಿತ' ಯಾಕೆ ಬೇಕಿತ್ತೋ. ಒಳಗೆಲ್ಲೋ ಸಣ್ಣ ಅನುಮಾನ ಇದ್ದಾಗಲೇ ನಾವು ಇಂಥ ಪದ ಸೇರಿಸುವುದು.

ನಮ್ಮ ಆಫೀಸಿನಿಂದ ನಿವೃತ್ತರಾದ ಹಿರಿಯರೊಬ್ಬರು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದಿಂದ ಹಕ್ಕಿ ನೋಡುತ್ತಿರುವವರು. ಅವರಿಗೆ ಮೆಸೇಜಿನಲ್ಲಿ ಫೋಟೋ ಕಳಿಸಿ, ಹೆಸರನ್ನೂ ನಾನೇ ಬರೆದು, ಶಹಭಾಸ್‌ಗಿರಿಗೆ ಕಾದು ಕೂತೆ. ಫೋನೇ ಬಂತು.

"ಬಿಟರ್ನ್ ಅಂತ ಯಾರು ಹೇಳಿದ್ದು?"

"ಆ್ಯಪ್ ಹೇಳ್ತು ಸರ್."

"ಅದಕ್ಕೆ ನೀವೇನು ಹೇಳಿದ್ರಿ? ಜಾಗ, ತಾರೀಖು ಕೊಟ್ರಾ?"

ನಾನು ಸುಮ್ಮನಾದೆ.

"ಅದಕ್ಕೆ ಗೊತ್ತಿರೋದು ನೀವು ಕೊಟ್ಟಷ್ಟೇ ಅಲ್ವಾ," ಎಂದರು. "ಮೆಸೇಜಲ್ಲಿ ಬಂದ ಫೋಟೋದಲ್ಲಿ ಚುಕ್ಕೆಗಳೆಲ್ಲ ಕಲಸಿಹೋಗಿವೆ. ಮೂಲ ಫೈಲ್ ಕಳಿಸಿ. ಎಲ್ಲಾನೂ ಕಳಿಸಿ. ಕೆಟ್ಟದ್ದನ್ನೂ."

ಕೆಟ್ಟದ್ದು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಆ ನಲವತ್ತನ್ನು ಅಂದು ರಾತ್ರಿಯೇ ಅಳಿಸಬೇಕೆಂದಿದ್ದೆ. ಕಳಿಸಿದೆ. ಒಂದು ಗಂಟೆಯ ಬಳಿಕ ಮತ್ತೆ ಫೋನ್. ಈ ಸಲ ಇಬ್ಬರೂ ಎದುರಿಗೆ ಫೋಟೋ ತೆರೆದಿಟ್ಟುಕೊಂಡು ಮಾತಾಡಿದೆವು.

ಮೊದಲ ಪ್ರಶ್ನೆ, ಎಷ್ಟು ದೊಡ್ಡದಿತ್ತು? ಕೋಳಿಯಷ್ಟು ಇರಬಹುದು ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಫ್ರೇಮ್ ತುಂಬ ಜೂಮ್ ಮಾಡಿದ ಮೇಲೆ ಗುಬ್ಬಿಯೂ ಗರುಡನೂ ಒಂದೇ ಅಳತೆ. "17ನೇ ಫೋಟೋ ತೆಗೀರಿ" ಎಂದರು. ಕೈ ಅಲುಗಿದ ಒಂಬತ್ತರಲ್ಲಿ ಅದೂ ಒಂದು. ಎಡ ಮೂಲೆಯಲ್ಲಿ ಒಂದು ಬೆಳ್ಳಕ್ಕಿ ಅರ್ಧ ಸಿಕ್ಕಿಕೊಂಡಿತ್ತು. ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ನಿಂತಿದ್ದ ಅದರ ಪಕ್ಕ ಇಟ್ಟು ನೋಡಿದರೆ ನನ್ನ ಹಕ್ಕಿ ಕುಳ್ಳು, ಆದರೆ ದಪ್ಪ. ಕೊಳದ ಬಕಕ್ಕೆ ಇದು ಜಾಸ್ತಿಯೇ ಆಯಿತು. ಅದು ಸುಮಾರು 45 ಸೆಂಟಿಮೀಟರಿನ ಸಣಕಲು ಜೀವ. ಜೊತೆಗೆ ಅದರ ಕಂದು ಬೆನ್ನಿನಲ್ಲಿ ಇಂಥ ಚುಕ್ಕೆಗಳೂ ಇರುವುದಿಲ್ಲ.

"ಬಣ್ಣ?" ಎಂದರು.

"ಚಿನ್ನದ ಕಂದು ಸರ್. ಬಿಟರ್ನ್‌ದೂ ಅದೇ ಅಲ್ವಾ?"

"ಜೊಂಡೂ ಚಿನ್ನದ ಬಣ್ಣಕ್ಕೇ ಇದೆ, ನೀರೂ ಚಿನ್ನದ ಬಣ್ಣಕ್ಕೇ ಇದೆ. ಬೆಳ್ಳಕ್ಕಿ ನೋಡಿ, ಅರಿಶಿನ ಮೆತ್ತಿದ ಹಾಗಿದೆ."

ನಾನು ನಿಜಕ್ಕೂ ಬೆಳ್ಳಕ್ಕಿಯನ್ನು ನೋಡಿರಲಿಲ್ಲ. ಸೂರ್ಯ ಇಳಿಯುವ ಹೊತ್ತಿನ ಬೆಳಕು ಒಂದು ಕಡೆ; ಇನ್ನೊಂದು ಕಡೆ ಹಿಂದಿನ ದಿನ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು 'ಮೋಡ' ಎಂದು ಬದಲಿಸಿ ಹಾಗೇ ಬಿಟ್ಟಿದ್ದೆ. ಮೋಡದ ದಿನದ ನೀಲಿಛಾಯೆಯನ್ನು ಸರಿದೂಗಿಸಲು ಆ ಸೆಟ್ಟಿಂಗ್ ಇಡೀ ಚಿತ್ರಕ್ಕೆ ಹಳದಿ ಬೆರೆಸುತ್ತದೆ. ಬೆಳ್ಳಕ್ಕಿ ಬೆಳ್ಳಗಾಗುವ ತನಕ ಬಣ್ಣ ಸರಿಮಾಡಿದೆ. ನನ್ನ ಚಿನ್ನದ ಹಕ್ಕಿ ಒಣಗಿದ ಮಣ್ಣಿನ ಬಣ್ಣಕ್ಕೆ ಇಳಿಯಿತು. ಬಿಟರ್ನ್ ಅರ್ಧ ಹೋಯಿತು ಅಂತ ಆಗಲೇ ಅನ್ನಿಸಿತು.

ಪೂರ್ತಿ ಹೋದದ್ದು ತಲೆ ನೋಡಿದ ಮೇಲೆ. ಬಿಟರ್ನ್‌ಗೆ ನೆತ್ತಿ ಕಪ್ಪು, ಕೊಕ್ಕಿನ ಬುಡದಿಂದ ಮೀಸೆಯಂತೆ ಇಳಿಯುವ ಕಪ್ಪು ಪಟ್ಟಿಯೂ ಉಂಟು. ನನ್ನ ಮೂರು ಒಳ್ಳೆಯ ಫೋಟೋಗಳಲ್ಲಿ ನೆತ್ತಿಯ ಮೇಲೆ ಸರಿಯಾಗಿ ಒಂದು ಎಲೆ ಅಡ್ಡ. ಇನ್ನೊಂದು ಅಲುಗಿದ ಫೋಟೋದಲ್ಲಿ ಮಾತ್ರ ಹಕ್ಕಿ ಅರೆಗಳಿಗೆ ಕುತ್ತಿಗೆ ಚಾಚಿತ್ತು. ಮಸುಕಾಗಿದ್ದರೂ ತಲೆ ಪೂರ್ತಿ ಕಂದು, ಗೆರೆಗೆರೆ. ಕಪ್ಪಿನ ಸುಳಿವೇ ಇಲ್ಲ. ಆಮೇಲೆ ಚುಕ್ಕೆ. ಬಿಟರ್ನ್ ಮೈಮೇಲಿರುವುದು ಕಪ್ಪು ಕಲೆ, ಕಪ್ಪು ಅಡ್ಡಗೆರೆ. ಇಲ್ಲಿದ್ದದ್ದು ರೆಕ್ಕೆಯ ಗರಿಗಳ ತುದಿಯಲ್ಲಿ ಒಂದೊಂದು ಬಿಳಿ ಹನಿ.

1934ರಲ್ಲಿ ರೋಜರ್ ಟೋರಿ ಪೀಟರ್ಸನ್ ಎಂಬ ಅಮೆರಿಕನ್ ಚಿತ್ರಕಾರ ಹಕ್ಕಿಗಳ ಕೈಪಿಡಿಯೊಂದನ್ನು ಮಾಡಿದಾಗ, ಹಕ್ಕಿಯ ಚಿತ್ರ ಬರೆದು ಅದರ ಗುರುತಿನ ಜಾಗಕ್ಕೆ ಪುಟ್ಟ ಬಾಣ ಹಾಕಿದನಂತೆ. ಇಲ್ಲಿ ನೋಡು, ಬೇರೆಲ್ಲ ಬಿಡು ಎಂಬ ಬಾಣ. ಅದಕ್ಕೂ ಮುಂಚೆ ಹಕ್ಕಿಯನ್ನು ಖಾತ್ರಿಯಾಗಿ ಹೆಸರಿಸಬೇಕಿದ್ದರೆ ಎಷ್ಟೋ ಸಲ ಗುಂಡು ಹೊಡೆದು ಕೈಗೆತ್ತಿಕೊಂಡೇ ನೋಡುತ್ತಿದ್ದರು. ಇದನ್ನು ಹೇಳಿ ಸರ್ ಕೇಳಿದರು, "ನಿಮ್ಮ ಫೋಟೋದಲ್ಲಿ ಬಾಣ ಎಲ್ಲಿಗೆ ಹಾಕ್ತೀರಿ?" ನಾನು ಚುಕ್ಕೆಗೆ ಎಂದೆ. "ಸರಿ. ಇನ್ನೊಂದು?" ಕಣ್ಣಿಗೆ ಎಂದೆ, ಬೇರೇನೂ ತೋಚದೆ. ಹಿಗ್ಗಿಸಿ ನೋಡಿದರೆ ಕಣ್ಣು ಕಿತ್ತಳೆ ಬಣ್ಣಕ್ಕಿತ್ತು. ಹಳದಿಯಿಂದ ಕೆಂಪಿಗೆ ಹೊರಟು ನಡುದಾರಿಯಲ್ಲಿ ನಿಂತ ಹಾಗೆ.

ಅಷ್ಟಾದರೂ ಅವರು ಹೆಸರು ಹೇಳಲಿಲ್ಲ. ನನಗೆ ಸಣ್ಣಗೆ ಸಿಟ್ಟು ಬಂತು ಎನ್ನಬೇಕು. ಗೊತ್ತಿರುವವರು ಹೇಳಿಬಿಟ್ಟರೆ ಏನು ಗಂಟು ಹೋಗುತ್ತದೆ?

"ಕತ್ತಲಾಗೋ ಹೊತ್ತಿಗೆ ಅಲ್ಲಿ ಏನಾದ್ರೂ ಕೂಗು ಕೇಳುತ್ತಾ?"

"ವಿಶೇಷ ಏನಿಲ್ಲ ಸರ್. ದಿನಾ ಒಂದು ಕಾಗೆ ತಡವಾಗಿ ಗೂಡಿಗೆ ಹೋಗುತ್ತೆ. ಕ್ವಾಕ್ ಅಂತ ಒಂದೇ ಒಂದು ಸಲ ಕೂಗಿ ತಲೆ ಮೇಲೆ ಹಾದುಹೋಗುತ್ತೆ."

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಕೇಳಿದರು, "ಎರಡು ವರ್ಷದಿಂದ ಆ ಕಾಗೆ ದಿನಾ ತಡ ಮಾಡುತ್ತಾ?"

ಇಬ್ಬರೂ ನಕ್ಕೆವು. ನಾನು ಸ್ವಲ್ಪ ಕಡಿಮೆ ನಕ್ಕೆ.

ಅದು ಕಾಗೆಯಲ್ಲ, ಇರುಳು ಬಕ. ಜೊಂಡಿನಲ್ಲಿ ಕೂತಿದ್ದದ್ದು ಅದರ ಮರಿ. ಮರಿ ಎಂದರೆ ಗೂಡಿನಲ್ಲಿ ಬಾಯಿ ತೆರೆದು ಕೂರುವ ಮರಿಯಲ್ಲ. ಗೂಡು ಬಿಟ್ಟು ತಾನೇ ಮೀನು ಹುಡುಕಲು ಹೊರಟ ಹುಡುಗಾಟದ ವಯಸ್ಸಿನದು. ದೊಡ್ಡದಕ್ಕೂ ಇದಕ್ಕೂ ವೇಷದಲ್ಲಿ ಒಂದು ಗರಿಯ ಹೋಲಿಕೆಯೂ ಇಲ್ಲ. ದೊಡ್ಡದು ನೆತ್ತಿ, ಬೆನ್ನು ಕಡುಗಪ್ಪು, ರೆಕ್ಕೆ ಬೂದು, ಹೊಟ್ಟೆ ಬಿಳಿ, ಕಣ್ಣು ಕೆಂಡ. ತಲೆಯ ಹಿಂದಿನಿಂದ ಎರಡು ಮೂರು ಉದ್ದ ಬಿಳಿ ಗರಿಗಳು ಇಳಿಬಿದ್ದಿರುತ್ತವೆ. ಕಂದು ಚುಕ್ಕೆಯ ಈ ಹುಡುಗ ಆ ಉಡುಪಿಗೆ ಬರಲು ಸುಮಾರು ಮೂರು ವರ್ಷ ಬೇಕು. ಅಲ್ಲಿಯವರೆಗೆ ಜೊಂಡು, ತರಗೆಲೆ, ನೆರಳು ಇವುಗಳಲ್ಲಿ ಕಾಣದೆ ಇರುವುದೇ ಅದಕ್ಕೆ ಕ್ಷೇಮ.

ಕಾಗೆ ವಿಷಯದಲ್ಲಿ ಮೋಸ ಹೋದದ್ದು ನಾನೊಬ್ಬಳೇ ಅಲ್ಲ ಎಂಬುದು ಆ ರಾತ್ರಿ ಓದುವಾಗ ತಿಳಿಯಿತು. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಈ ಹಕ್ಕಿಗೆ ಇಟ್ಟ ವೈಜ್ಞಾನಿಕ ಹೆಸರಿನಲ್ಲಿ ನಿಕ್ಟಿಕೊರಾಕ್ಸ್ ಎಂಬ ಪದವಿದೆ. ಗ್ರೀಕಿನಲ್ಲಿ ಅದರ ಅರ್ಥ ಇರುಳ ಕಾಗೆ. ಡಚ್ ಭಾಷೆಯವರಂತೂ ಇದನ್ನು ಕರೆಯುವುದೇ 'ಕ್ವಾಕ್' ಎಂದು. ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ ಬಿಟ್ಟರೆ ಉಳಿದೆಲ್ಲ ಖಂಡಗಳಲ್ಲೂ ಇರುವ ಹಕ್ಕಿ. ಅಪರೂಪದ್ದು ಸಿಕ್ಕಿತೆಂದು ಮೆರೆದವಳಿಗೆ ಸಿಕ್ಕಿದ್ದು ಜಗತ್ತಿನ ಅತಿ ಸಾಮಾನ್ಯ ಬಕಗಳಲ್ಲೊಂದು! ನನಗೆ ಕಾಣದಿರಲು ಕಾರಣವೂ ಸರಳ. ಹಗಲೆಲ್ಲ ಅವು ಎಲೆ ದಟ್ಟವಾದ ಮರಗಳಲ್ಲಿ ಮುದುಡಿ ಕೂತಿರುತ್ತವೆ. ಬೇರೆ ಬಕಗಳು ಕೆರೆ ಖಾಲಿ ಮಾಡುವ ಹೊತ್ತಿಗೆ ಕೆಲಸಕ್ಕೆ ಇಳಿಯುತ್ತವೆ. ನಾನು ಮನೆಯ ಕಡೆ ತಿರುಗುವ ಹೊತ್ತೂ ಅದೇ.

ಜಾಗದ ಖಾನೆಯನ್ನು ತುಂಬದೆ ಬಿಟ್ಟದ್ದರ ಅರ್ಥವೂ ಆಗಲೇ ಹೊಳೆದದ್ದು. ಇದೇ ಫೋಟೋವನ್ನು ಅಮೆರಿಕದಲ್ಲಿ ತೆಗೆದಿದ್ದರೆ ಹಳದಿ ನೆತ್ತಿಯ ಇನ್ನೊಂದು ಇರುಳು ಬಕದ ಮರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು. ಅದರ ಚುಕ್ಕೆ ಇನ್ನೂ ಚಿಕ್ಕದು, ಕೊಕ್ಕು ಪೂರ್ತಿ ಗಾಢ, ಕಾಲು ಉದ್ದ. ನನ್ನದರ ಕೊಕ್ಕಿನ ಕೆಳಭಾಗ ಹಳದಿಯಿತ್ತು. ಜಾಗ, ತಾರೀಖು ತುಂಬಿ ಅದೇ ಫೋಟೋವನ್ನು ಮತ್ತೆ ಆ್ಯಪ್‌ಗೆ ಕೊಟ್ಟೆ. ಇರುಳು ಬಕ ಎಂದಿತು, ತಕ್ಷಣ, ಮೊದಲ ಸಾಲಿನಲ್ಲೇ. ಅದನ್ನು ಬೈಯಲು ಸಿದ್ಧಳಾಗಿದ್ದೆ, ಅವಕಾಶ ಸಿಗಲಿಲ್ಲ. ಫೋಲ್ಡರಿನ ಹೆಸರು ಬದಲಿಸಿದೆ. ನಲವತ್ತಮೂರೂ ಫೋಟೋ ಈಗಲೂ ಅದರಲ್ಲಿವೆ.

ಮಾರನೆಯ ಸಂಜೆ ಕ್ಯಾಮೆರಾ ಜೊತೆಗೆ ಒಂದು ಪಾಕೆಟ್ ನೋಟ್‌ಬುಕ್ಕನ್ನೂ ಒಯ್ದೆ. ತಿರುಗಿ ಹೋಗುವ ಹೊತ್ತಾದರೂ ಏರಿಯ ಕೊನೆಯ ಕಲ್ಲಿನ ಮೇಲೆ ಕೂತೆ. ಬೆಳ್ಳಕ್ಕಿಗಳು ಸಾಲುಸಾಲಾಗಿ ಮರ ಸೇರಿದವು. ನೀರಿನ ಬಣ್ಣ ಹೋಯಿತು. ಆಗ ಎದುರಿನ ಮರದಿಂದ 'ಕ್ವಾಕ್'. ಕುತ್ತಿಗೆ ಒಳಗೆಳೆದುಕೊಂಡ ದಪ್ಪ ಹಕ್ಕಿಯೊಂದು ತಲೆಯ ಮೇಲೆ ಹಾದು ಹೋಯಿತು, ಅದರ ಹಿಂದೆ ಇನ್ನೊಂದು, ಮತ್ತೆ ನಾಲ್ಕು. ನಾನು ಒಂದೇ ಕಾಗೆ ಅಂದುಕೊಂಡಿದ್ದೆ. ಎಣಿಸಿದರೆ ಹದಿನೊಂದಿದ್ದವು.

ಒಂದು ಮಾತ್ರ ದೂರ ಹೋಗದೆ ಹತ್ತಿರದ ಒಣಕೊಂಬೆಯ ಮೇಲೆ ಇಳಿಯಿತು. ಮರಿಯಲ್ಲ, ದೊಡ್ಡದೂ ಅಲ್ಲ. ಚುಕ್ಕೆಗಳು ಬಹುಮಟ್ಟಿಗೆ ಮಾಸಿದ್ದವು, ನೆತ್ತಿ ಕಪ್ಪಾಗಲು ಹೊರಟಿತ್ತು, ಬೆನ್ನು ಕಂದೋ ಬೂದೋ ಹೇಳಲಾಗದು. ಕ್ಯಾಮೆರಾ ಎತ್ತುವಷ್ಟು ಬೆಳಕಿರಲಿಲ್ಲ. ಕಣ್ಣಿಗೆ ಕಾಣುವಷ್ಟು ಹೊತ್ತು ನೋಡಿ ಒಂದೊಂದೇ ಬರೆದುಕೊಂಡೆ: ಅಳತೆ, ಭಂಗಿ, ಕೊಕ್ಕು, ನೆತ್ತಿ, ರೆಕ್ಕೆ, ಎದೆಯ ಗೆರೆ, ಸಮಯ, ಜಾಗ. ಮನೆಗೆ ಬಂದು ಅಷ್ಟನ್ನೂ ನೀಟಾಗಿ ಟೈಪ್ ಮಾಡಿ ಸರ್‌ಗೆ ಕಳಿಸಿ, ಎರಡನೇ ವರ್ಷದ ಇರುಳು ಬಕ ಇರಬೇಕು ಎಂದು ಕೊನೆಗೆ ಸೇರಿಸಿದೆ. 'ಖಚಿತ' ಎಂದು ಬರೆಯಲಿಲ್ಲ.

ಹತ್ತು ನಿಮಿಷಕ್ಕೆ ಉತ್ತರ ಬಂತು.

"ಚೆನ್ನಾಗಿ ನೋಡಿದ್ದೀರಿ. ಕಾಲಿನ ಬಣ್ಣ?"

ನೋಟ್‌ಬುಕ್ ತೆರೆದು ಮೇಲಿನಿಂದ ಕೆಳಗಿನವರೆಗೆ ಓದಿದೆ. ಕಾಲು ಬರೆದಿರಲಿಲ್ಲ.