ಮಳೆಗಾಲದ ಕೂಸಿಗೆ ಏನು ಬೇಕು, ಏನು ಬೇಡ

ನನ್ನ ತಮ್ಮನ ಹೆಂಡತಿಗೆ ಜುಲೈ ಎರಡನೇ ವಾರಕ್ಕೆ ದಿನ ಕೊಟ್ಟಿದ್ದಾರೆ. ಅವಳ ತವರು ಕೊಪ್ಪದ ಹತ್ತಿರ, ಬಾಣಂತನವೂ ಅಲ್ಲೇ. ಮೊನ್ನೆ ವಾಟ್ಸಾಪಲ್ಲಿ ಒಂದು ಪಟ್ಟಿ ಕಳಿಸಿ, "ಅತ್ತಿಗೆ, ಇದರಲ್ಲಿ ಯಾವ್ಯಾವುದು ತಗೊಳ್ಳಲಿ?" ಅಂತ ಕೇಳಿದಳು. ಯಾವುದೋ ಆ್ಯಪ್‌ನವರು ಮಾಡಿದ ಪಟ್ಟಿ. ಬಾಟಲಿ ಬಿಸಿ ಮಾಡುವ ಯಂತ್ರ ಇದೆ, ಒರೆಸುವ ಟಿಶ್ಯೂ ಬಿಸಿ ಮಾಡುವುದಕ್ಕೂ ಒಂದು ಯಂತ್ರ ಇದೆ. ಕಾಲಿಗೆ ಶೂ ಇದೆ, ನಡೆಯದ ಮಗುವಿಗೆ. ಬಟ್ಟೆ ಒಣಗಿಸುವುದು ಎಲ್ಲಿ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಜುಲೈನಲ್ಲಿ ಕೊಪ್ಪದಲ್ಲಿ ಹುಟ್ಟುವ ಮಗುವಿಗೆ ಮೊದಲು ಯೋಚನೆ ಮಾಡಬೇಕಾದದ್ದೇ ಅದು.

ನಮ್ಮದೆಲ್ಲ ಚಿಕ್ಕಮಗಳೂರು ಜಿಲ್ಲೆಯೇ, ಮಳೆ ಮಾತ್ರ ಒಂದೇ ಅಲ್ಲ. ಕಡೂರಿನ ನನ್ನ ಸ್ನೇಹಿತೆ ಎರಡು ಡಜನ್ ಲಂಗೋಟಿಯಲ್ಲಿ ಇಡೀ ಬಾಣಂತನ ಮುಗಿಸಿದಳು. ಅಲ್ಲಿ ಒಗೆದು ಹಾಕಿ ತಿಂಡಿ ತಿಂದು ಬರುವಷ್ಟರಲ್ಲಿ ಬಟ್ಟೆ ಗರಿಗರಿ. ನನ್ನ ತವರು ಬಾಳೆಹೊನ್ನೂರಿನ ಕಡೆ. ಅಲ್ಲಿ ಮಳೆ ಹಿಡಿಯಿತು ಅಂದರೆ ಹಿಂಡಿ ಹಾಕಿದ ಬಟ್ಟೆ ಎರಡು ದಿನ ಆದರೂ ಮುಟ್ಟಿದರೆ ತಣ್ಣಗೆ. ಹಾಗಾಗಿ ಎರಡೂ ಊರಿಗೆ ಒಂದೇ ಪಟ್ಟಿ ಹೇಗೆ ಆಗುತ್ತದೆ?

ಲೆಕ್ಕ ಹಾಕೋಣ. ಹೊಸ ಮಗು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಬಟ್ಟೆ ಅದಕ್ಕಿಂತ ಜಾಸ್ತಿ ಸಲ ಒದ್ದೆಯಾಗುತ್ತದೆ. ಹದಿನೈದು ಅಂತ ಇಟ್ಟುಕೊಳ್ಳಿ. ಒಣಗುವುದಕ್ಕೆ ಎರಡು ದಿನ ಬೇಕು ಅಂದರೆ ಮೂವತ್ತು ಹಗ್ಗದ ಮೇಲೆ, ಹದಿನೈದು ಕೈಯಲ್ಲಿ. ನಾಲ್ಕು ಡಜನ್ ಬೇಕೇ ಬೇಕು. ಇಷ್ಟನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ತರಬೇಡಿ. ಹಳೇ ನೂಲಿನ ಸೀರೆ ಹುಡುಕಿ. ಅಂಚು ಕತ್ತರಿಸಿ ತೆಗೆದು, ಅಗಲವನ್ನು ಅರ್ಧ ಮಾಡಿದರೆ ಒಂದು ಸೀರೆಯಲ್ಲಿ ಹದಿನೈದು ಹದಿನಾರು ತುಂಡು ಸಿಗುತ್ತದೆ. ಮೂರು ಸೀರೆಗೆ ಕೆಲಸ ಮುಗಿಯಿತು. ಕಷ್ಟ ಏನಂದರೆ ನಮ್ಮ ವಯಸ್ಸಿನವರ ಬೀರುವಿನಲ್ಲಿ ಇರುವುದೆಲ್ಲ ಸಿಂಥೆಟಿಕ್. ಅದು ನೀರನ್ನೇ ಹೀರುವುದಿಲ್ಲ. ಅಜ್ಜಿಯ ಟ್ರಂಕು ತೆಗೆಸಬೇಕು. ಅದೂ ಇಲ್ಲ ಅಂದರೆ ಗಂಡಸರ ಹಳೇ ಪಂಚೆ. ನಮ್ಮಪ್ಪನ ಪಂಚೆಗಳು ಒಂದೊಂದಾಗಿ ಮಾಯವಾಗಿ, ಕೊನೆಗೆ ಅವರು ಉಳಿದ ಎರಡನ್ನು ಬೀಗ ಹಾಕಿ ಇಟ್ಟುಕೊಂಡರು.

ಇನ್ನು ಒಣಗಿಸುವುದು. ತವರಿನಲ್ಲಿ ಬಚ್ಚಲ ಒಲೆ ಇನ್ನೂ ಇದೆ. ಹಂಡೆಯ ಮೇಲೆ, ಕೈಗೆಟುಕುವ ಎತ್ತರದಲ್ಲಿ ಅಪ್ಪ ಮೂರು ಬಿದಿರಿನ ಗಳ ಅಡ್ಡ ಕಟ್ಟಿದ್ದರು. ಮೊದಲ ಗಳದಲ್ಲಿ ಆಗ ತಾನೇ ಹಿಂಡಿದ್ದು, ನಡುವಿನದರಲ್ಲಿ ಅರ್ಧ ಒಣಗಿದ್ದು, ಒಲೆಯ ನೇರಕ್ಕೆ ಇರುವುದರಲ್ಲಿ ಇನ್ನೇನು ತೆಗೆಯಬೇಕು ಅನ್ನುವಂಥದ್ದು. ಅಮ್ಮ ನೀರು ಕಾಯಿಸಲು ಸೌದೆ ಒಟ್ಟಿದಾಗಲೆಲ್ಲ ಒಂದೊಂದನ್ನೇ ಮುಂದಿನ ಗಳಕ್ಕೆ ಬದಲಾಯಿಸುತ್ತಿದ್ದರು. ಕೊನೆಗೆ ಇಸ್ತ್ರಿ ಪೆಟ್ಟಿಗೆ. ಕರೆಂಟು ಇದ್ದರೆ. ಒಣಗಿದ ಹಾಗೆ ಕಾಣುವ ಬಟ್ಟೆಯ ಮೇಲೆ ಇಸ್ತ್ರಿ ಇಟ್ಟಾಗ ಹಬೆ ಎದ್ದರೆ ಅದು ಇನ್ನೂ ಹಸಿ ಅಂತಲೇ ಲೆಕ್ಕ. ಹಸಿ ಬಟ್ಟೆ ಕಟ್ಟಿದರೆ ಮರುದಿನವೇ ತೊಡೆಸಂದು ಕೆಂಪಗಾಗುತ್ತದೆ. ಈ ಏರ್ಪಾಟಿನಲ್ಲಿ ಇರುವ ಒಂದೇ ತೊಂದರೆ ಹೊಗೆ ವಾಸನೆ. ಒಂದೂವರೆ ತಿಂಗಳ ಚುಚ್ಚುಮದ್ದಿಗೆ ಹೋದಾಗ ನರ್ಸಮ್ಮ ನನ್ನ ಮಗಳನ್ನು ಎತ್ತಿಕೊಂಡವರೇ "ನಿಮ್ಮನೇಲಿ ಬಚ್ಚಲ ಒಲೆ ಇದೆ ಅಲ್ವಾ?" ಅಂತ ನಕ್ಕರು.

ಕೆಲವರು ಬಾಣಂತಿ ಕೋಣೆಯಲ್ಲೇ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಮೇಲೆ ಕುಕ್ಕೆ ಮಗುಚಿ ಬಟ್ಟೆ ಹರಡುತ್ತಾರೆ. ಬಟ್ಟೆ ಬೇಗ ಒಣಗುತ್ತದೆ, ನಿಜ. ಆದರೆ ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಬಾರದು. ಇದ್ದಿಲು ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಅದು ಜೀವ ತೆಗೆಯುತ್ತದೆ. ಸಾಂಬ್ರಾಣಿ ಹೊಗೆಯೂ ಕೂಸಿನ ಎದೆಗೆ ಒಳ್ಳೆಯದಲ್ಲ. ಬಟ್ಟೆಗೆ ಹಾಕಿ, ಮಗುವಿಗೆ ಬೇಡ.

ಡೈಪರ್ ಬೇಡ ಅನ್ನುವವಳಲ್ಲ ನಾನು. ರಾತ್ರಿಗೆ, ಆಸ್ಪತ್ರೆಗೆ ಹೋಗುವ ದಿನಕ್ಕೆ, ಕರೆಂಟು ಹೋಗಿ ಒಲೆಯ ಸೌದೆಯೂ ಹಸಿಯಾದ ದಿನಕ್ಕೆ ಅದು ಬೇಕು. ಆದರೆ ನ್ಯೂಬಾರ್ನ್ ಸೈಜಿನದು ದೊಡ್ಡ ಕಟ್ಟು ತರಬೇಡಿ. ಅದು ಐದು ಕೆಜಿವರೆಗೆ. ಮಕ್ಕಳು ಐದು ತಿಂಗಳ ಹೊತ್ತಿಗೆ ಹುಟ್ಟಿದ ತೂಕದ ಎರಡರಷ್ಟಾಗುತ್ತವೆ, ಎಷ್ಟೋ ಮಕ್ಕಳು ಅದಕ್ಕೂ ಬೇಗ ಐದು ಕೆಜಿ ದಾಟುತ್ತವೆ. ಇನ್ನೊಂದು ವಿಷಯವನ್ನು ಪೇಟೆಯವರು ಯೋಚಿಸುವುದಿಲ್ಲ. ಚಿಕ್ಕಮಗಳೂರಲ್ಲಿ ಬೆಳಿಗ್ಗೆ ನಗರಸಭೆ ಗಾಡಿ ಬರುತ್ತದೆ, ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಟ್ಟರಾಯಿತು. ನನ್ನ ತವರಿನ ತೋಟದ ಮನೆಗೆ ಯಾವ ಗಾಡಿಯೂ ಬರುವುದಿಲ್ಲ. ಸುಟ್ಟರೆ ಸುಡುವುದಿಲ್ಲ. ಮೇಲೆ ಮೇಲೆ ಹೂತರೆ ನಾಯಿ ಎಳೆದು ತರುತ್ತದೆ. ನಮ್ಮ ಅಂಗಳದಲ್ಲಿ ಒಂದು ಬೆಳಿಗ್ಗೆ ಡೈಪರಿನ ಒಳಗಿನ ಜೆಲ್ಲು ಮಳೆನೀರು ಕುಡಿದು ಉಬ್ಬಿ ತುಳಸಿಕಟ್ಟೆಯ ಸುತ್ತ ಹರಡಿಕೊಂಡಿತ್ತು. ಆಮೇಲೆ ಅಮ್ಮನನ್ನು ಸಮಾಧಾನ ಮಾಡುವುದು ಮಗುವನ್ನು ಸಮಾಧಾನ ಮಾಡುವುದಕ್ಕಿಂತ ಕಷ್ಟವಾಯಿತು.

ಅಮ್ಮನದು ಇನ್ನೊಂದು ಕಟ್ಟುನಿಟ್ಟು: ಮಗು ಹುಟ್ಟುವುದಕ್ಕೆ ಮುಂಚೆ ಮನೆಗೆ ಏನೂ ತರಬಾರದು. ತಂದರೂ ಹೊಸ ಬಟ್ಟೆ ಮೊದಲು ಹಾಕಬಾರದು, ಚೆನ್ನಾಗಿ ಬೆಳೆದ ಯಾರದಾದರೂ ಮಗುವಿನ ಹಳೇ ಅಂಗಿ ಹಾಕಬೇಕು. ಶಾಸ್ತ್ರದ ಮಾತು ಬಿಡಿ, ದುಡ್ಡಿನ ಲೆಕ್ಕದಲ್ಲಿ ಇದರಷ್ಟು ಒಳ್ಳೆಯ ನಿಯಮ ನನಗೆ ಬೇರೆ ಸಿಕ್ಕಿಲ್ಲ. ಹತ್ತಾರು ಸಲ ಒಗೆದ ಅಂಗಿ ಮೆತ್ತಗಿರುತ್ತದೆ. ಗಂಜಿ, ಬಣ್ಣ ಎಲ್ಲ ಹೋಗಿರುತ್ತದೆ. ನಿಮ್ಮ ಮಗುವಿನ ಗಾತ್ರ ಏನು, ಹಾಲು ಸಾಕಾಗುತ್ತದೋ ಇಲ್ಲವೋ, ರಾತ್ರಿ ಮಲಗುತ್ತದೋ ಅರಚುತ್ತದೋ ಅನ್ನುವುದು ಗೊತ್ತಾಗುವ ಮುಂಚೆ ಏನು ಅಂತ ತರುತ್ತೀರಿ? ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ. ಚಿಕ್ಕಮಗಳೂರಿನ ಎಂ.ಜಿ. ರೋಡಲ್ಲಿ ಹೋದರೆ ಅರ್ಧ ಗಂಟೆಯಲ್ಲಿ ಎಲ್ಲ ಸಿಗುತ್ತದೆ, ಕಳಿಸುವುದಕ್ಕೆ ಗಂಡ ಅಂತ ಒಬ್ಬರು ಇರುತ್ತಾರಲ್ಲ.

ಹಾಗೆ ನೋಡಿದರೆ ಮುಕ್ಕಾಲು ಸಾಮಾನು ನೆಂಟರ ಮನೆಗಳಲ್ಲೇ ಇರುತ್ತದೆ. ನಮ್ಮ ಹಲಸಿನ ಮರದ ತೊಟ್ಟಿಲು ಎನ್.ಆರ್. ಪುರದ ಚಿಕ್ಕಮ್ಮನ ಮನೆಯಿಂದ ಪಿಕಪ್ಪಿನಲ್ಲಿ, ಟಾರ್ಪಾಲು ಹೊದ್ದುಕೊಂಡು ಬಂತು. ಖಾಲಿ ತೊಟ್ಟಿಲು ಕಳಿಸಬಾರದು ಅಂತ ಅವರು ಗುಂಡುಕಲ್ಲನ್ನೂ ಅದರಲ್ಲೇ ಇಟ್ಟು ಕಳಿಸಿದ್ದರು. ನಾಮಕರಣದ ದಿನ ಅದಕ್ಕೂ ಕುಲಾವಿ ಕಟ್ಟಿ ತೂಗಿದ್ದಾಯಿತು. ಆದರೆ ಬಾಡಿಗೆ ಮನೆಯ ಆರ್‌ಸಿಸಿಯಲ್ಲಿ ತೊಟ್ಟಿಲ ಕೊಕ್ಕೆ ಎಲ್ಲಿರುತ್ತದೆ? ಅಲ್ಲಿಗೆ ಮಡಚುವ ಕಬ್ಬಿಣದ ಸ್ಟ್ಯಾಂಡಿನ ತೊಟ್ಟಿಲು ಸಾಕು, ಅದೂ ಯಾರಾದರೂ ಕೊಡುತ್ತಾರೆ. ಜೋಲಿಯಲ್ಲಿ ಕೂಸು ಮುದುರಿಕೊಂಡು ಕತ್ತು ಬಗ್ಗುತ್ತದೆ. ನಾವು ಎದುರಿಗೆ ಕೂತಿರುವಾಗ ಮಾತ್ರ ಜೋಲಿ, ರಾತ್ರಿಗೆ ಗಟ್ಟಿ ಹಾಸಿಗೆಯ ಮೇಲೆ ಅಂಗಾತ. ದಿಂಬು ಬೇಡ. ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು ಹೊಲಿಸಿಕೊಂಡು ಬರುವವರು ಇದ್ದೇ ಇರುತ್ತಾರೆ, ಇಸಿದುಕೊಂಡು ಒಳಗಿಡಿ. ವರ್ಷದೊಳಗಿನ ಮಗುವಿಗೆ ದಿಂಬು ಬೇಡ ಅಂತಲೇ ಡಾಕ್ಟರು ಹೇಳುತ್ತಾರೆ.

ನಾಮಕರಣದ ಉಡುಗೊರೆ ಅಂದಾಗ ನೆನಪಾಯಿತು. ಎಲ್ಲರೂ ಪೌಡರ್, ಸೋಪು, ಎಣ್ಣೆ ಇರುವ ಅದೇ ಡಬ್ಬಿ ತರುತ್ತಾರೆ. ಪೌಡರಿನ ಧೂಳು ಉಸಿರಿಗೆ ಹೋಗುತ್ತದೆ, ಮಗುವಿಗೆ ಅದರ ಅಗತ್ಯವೇ ಇಲ್ಲ. ಜರಿ ಲಂಗ ಫೋಟೋಗೆ ಚಂದ, ಮೈಗೆ ಚುಚ್ಚುತ್ತದೆ. ಕೇಳುವವರಿಗೆ ನಾಚಿಕೆ ಪಡದೆ ಹೇಳಿ: "ಆರು ತಿಂಗಳಿಂದ ಒಂದು ವರ್ಷದ ಸೈಜು ತನ್ನಿ, ಕಾಟನ್ ಆಗಿರಲಿ." ಮಲೆನಾಡಿಗೆ ಉಲ್ಲನ್ ಸ್ವೆಟರು, ಟೋಪಿ, ಕಾಲುಚೀಲ ಎರಡೆರಡು ಜೊತೆ ಇರಲಿ.

ನಮ್ಮ ತೋಟಕ್ಕೆ ಬರುವ ಒಬ್ಬರು ಅವರ ಮೊದಲ ಹೆರಿಗೆಯಲ್ಲಿ ಸಿಕ್ಕಿದ್ದ ಮಡಿಲು ಚೀಲವನ್ನು ಇವತ್ತಿಗೂ ಬಟ್ಟೆ ತುಂಬಲು ಇಟ್ಟುಕೊಂಡಿದ್ದಾರೆ. 2007ರಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ್ದ ಯೋಜನೆ ಅದು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ಕುಟುಂಬದ ತಾಯಂದಿರಿಗೆ 19 ಸಾಮಾನು ಕೊಡುತ್ತಿದ್ದರು. ಸೊಳ್ಳೆ ಪರದೆ, ಜಮಖಾನ, ಹೊದಿಕೆ, ಮಗುವಿಗೆ ರಬ್ಬರ್ ಶೀಟು, ಅಂಗಿ, ಸ್ವೆಟರು, ಟೋಪಿ, ಕಾಲುಚೀಲ, ಸೋಪು. ತಾಯಿಗೆ ಹೊಟ್ಟೆಗೆ ಕಟ್ಟುವ ಬಟ್ಟೆ, ಪ್ಯಾಡು, ಬಾಚಣಿಗೆ, ತೆಂಗಿನೆಣ್ಣೆ, ಹಲ್ಲುಜ್ಜುವ ಬ್ರಷ್ಷು, ಪೇಸ್ಟು. ನಾನು ನೋಡಿದ ಪಟ್ಟಿಗಳಲ್ಲೆಲ್ಲ ತಲೆ ಇರುವ ಪಟ್ಟಿ ಇದೊಂದೇ. ಹೆಚ್ಚುಕಡಿಮೆ ಅರ್ಧ ಸಾಮಾನು ಹೆತ್ತವಳದ್ದು! ತಮ್ಮನ ಹೆಂಡತಿ ಕಳಿಸಿದ ಪಟ್ಟಿಯಲ್ಲಿ ಅವಳಿಗೆ ಅಂತ ಒಂದು ಕರ್ಚೀಪೂ ಇರಲಿಲ್ಲ.

ಅವಳಿಗೆ ಏನು ಬೇಕು ಅಂತ ನಾನು ಬರೆದು ಕಳಿಸಿದೆ. ಮುಂದೆ ಜಿಪ್ ಇರುವ ಕಾಟನ್ ನೈಟಿ, ಆರಾದರೂ ಇರಲಿ, ಅವೂ ಒಣಗುವುದಿಲ್ಲ. ದೊಡ್ಡ ಪ್ಯಾಡು. ಕೂತು ಹಾಲು ಕುಡಿಸುವಾಗ ಬೆನ್ನಿಗೆ ಒಂದು, ಮಡಿಲಿಗೆ ಒಂದು ದಿಂಬು, ಮನೆಯಲ್ಲಿ ಇರುವುದೇ ಆಗುತ್ತದೆ. ಒಂದು ಒಳ್ಳೆಯ ಫ್ಲಾಸ್ಕು. ರಾತ್ರಿ ಮೂರು ಗಂಟೆಗೆ ಹಾಲು ಕುಡಿಸುವಾಗ ಗಂಟಲು ಒಣಗುತ್ತದೆ, ಆ ಚಳಿಯಲ್ಲಿ ಎದ್ದು ಅಡುಗೆಮನೆಗೆ ಹೋಗಿ ನೀರು ಕಾಯಿಸುವವರು ಯಾರು? ಜಾಸ್ತಿ ನೀರು ಕುಡಿದರೆ ಹೊಟ್ಟೆ ದಪ್ಪ ಆಗುತ್ತದೆ ಅನ್ನುವವರಿಗೆ ಹೂಂ ಅಂದುಬಿಡು, ಫ್ಲಾಸ್ಕು ಮಂಚದ ಕೆಳಗೆ ಇಟ್ಟುಕೋ ಅಂತಲೂ ಸೇರಿಸಿದೆ.

ಬಾಟಲಿ, ಅದನ್ನು ಕುದಿಸುವ ಯಂತ್ರ, ಬಿಸಿ ಮಾಡುವ ಯಂತ್ರ ಯಾವುದೂ ಮುಂಚೆ ಬೇಡ. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಕಿಲ್ಲ, ನೀರು ಕೂಡ. ಜೇನು ವರ್ಷ ತುಂಬುವವರೆಗೆ ನಾಲಗೆಗೂ ತಾಗಿಸಬೇಡಿ. ನಮ್ಮ ದೇಶದಲ್ಲಿ ಹಾಲುಬಾಟಲಿ, ಹಾಲಿನಪುಡಿಯ ಜಾಹೀರಾತಿಗೇ 1992ರ ಕಾನೂನು ಅಡ್ಡ ಇದೆ. ಹಿಂಡಿದ ಹಾಲು ಕುಡಿಸಬೇಕಾಗಿ ಬಂದರೆ ಮೂತಿ ಇರುವ ಪುಟ್ಟ ಬಟ್ಟಲು, ಒಳಲೆ, ಇದೆಯಲ್ಲ. ತೊಳೆಯುವುದು ಸುಲಭ, ಕುದಿಯುವ ನೀರಲ್ಲಿ ಹಾಕಿದರಾಯಿತು. ನಾನು ಸೊಸೈಟಿ ಕೆಲಸಕ್ಕೆ ವಾಪಸು ಹೋಗುವಾಗ ಪಂಪು ತಗೊಂಡೆ. ಅದು ಕೆಲಸಕ್ಕೆ ಹೋಗುವವರಿಗೆ, ಹೋಗುವ ಹೊತ್ತಿಗೆ.

ದುಡ್ಡು ಕೊಟ್ಟೇ ತರಬೇಕಾದದ್ದು ಇಷ್ಟು: ಡಿಜಿಟಲ್ ಥರ್ಮಾಮೀಟರ್, ಉಗುರು ಕತ್ತರಿಸುವ ಪುಟ್ಟ ಕಟರ್, ಕೊಡೆಯ ಹಾಗೆ ಮಡಚುವ ಸೊಳ್ಳೆ ಪರದೆ, ರಬ್ಬರ್ ಶೀಟು ಎರಡು. ಥರ್ಮಾಮೀಟರ್ ಬಗ್ಗೆ ಒಂದು ಮಾತು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕಷಾಯ, ದೃಷ್ಟಿ ಅಂತ ಕೂರಬಾರದು, ನೇರ ಆಸ್ಪತ್ರೆಗೆ. ಕೈಹಿಂಬದಿ ಇಟ್ಟು ನೋಡಿದರೆ ಅದು ಗೊತ್ತಾಗುವುದಿಲ್ಲ.

ವಾಕರ್ ಬೇಡವೇ ಬೇಡ. ಕೆನಡಾದಲ್ಲಿ 2004ರಿಂದ ಅದನ್ನು ಮಾರುವುದನ್ನೇ ನಿಷೇಧಿಸಿದ್ದಾರೆ. ಹೊಸ್ತಿಲು, ಮೆಟ್ಟಿಲು, ಅಂಗಳದ ಇಳಿಜಾರು ಇರುವ ನಮ್ಮ ಮನೆಗಳಲ್ಲಂತೂ ಕೇಳುವುದೇ ಬೇಡ. ಹಿಂದೆ ನಿಂತು ತಳ್ಳಿಕೊಂಡು ಹೋಗುವ ಮರದ ಮೂರು ಗಾಲಿ ಬಂಡಿ ಸಾಕು, ಅದೂ ವರ್ಷದ ಹತ್ತಿರ.

ಸ್ಟ್ರೋಲರ್ ಬೆಂಗಳೂರಿನ ನಾದಿನಿ ಪ್ರೀತಿಯಿಂದ ಕೊಟ್ಟಿದ್ದು. ರತ್ನಗಿರಿ ಬೋರೆಯ ಪಾರ್ಕಿಗೆ ತಳ್ಳಿಕೊಂಡು ಹೋಗಿದ್ದೆ, ಬಿಸಿಲಿನ ಕಾಲದಲ್ಲಿ. ಉಳಿದಂತೆ ನಮ್ಮ ಬೀದಿಯಲ್ಲಿ ಫುಟ್‌ಪಾತ್ ಇಲ್ಲ, ಇರುವ ಕಡೆ ಬೈಕು ನಿಂತಿರುತ್ತದೆ. ಈಗ ಅದರ ಮೇಲೆ ಮಡಚದ ಬಟ್ಟೆ ರಾಶಿ ಕೂತಿದೆ. ಅದೇ ದುಡ್ಡು ಕಾರ್ ಸೀಟಿಗೆ ಹಾಕಿದ್ದರೆ ಅಂತ ಅನ್ನಿಸುತ್ತದೆ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟಿನಲ್ಲೋ ಮಕ್ಕಳ ಸೀಟಿನಲ್ಲೋ ಕೂರಿಸಬೇಕು ಅಂತ ಇದೆ, ತಪ್ಪಿದರೆ ಸಾವಿರ ರೂಪಾಯಿ ದಂಡ. ದಂಡ ಇರಲಿ, ಚಾರ್ಮಾಡಿಯ ತಿರುವುಗಳಲ್ಲಿ ಮುಂದಿನ ಸೀಟಿನ ಅಮ್ಮನ ಮಡಿಲಲ್ಲಿ ಕೂಸು ಮಲಗಿರುವುದನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. ಹಿಂದಿನ ಸೀಟಿಗೆ ಕಟ್ಟಿ, ಮಗುವಿನ ಮುಖ ಗಾಡಿಯ ಹಿಂಬದಿಗೆ ಇರುವ ಥರದ್ದು ತಗೊಳ್ಳಬೇಕು.

ತಮ್ಮನಿಗೆ ಫೋನು ಮಾಡಿ ಇದೊಂದನ್ನು ಒತ್ತಿ ಹೇಳಿದೆ: ಬೇರೆ ಏನು ಬಿಟ್ಟರೂ ಕಾರ್ ಸೀಟು ತಗೋ, ಸ್ಟ್ರೋಲರ್ ಬೇಡ. "ಅಯ್ಯೋ ಅಕ್ಕ, ಸ್ಟ್ರೋಲರ್ ಆಫರಲ್ಲಿ ಇತ್ತು, ನಿನ್ನೆನೇ ಬುಕ್ ಮಾಡಿಬಿಟ್ಟೆ" ಅಂದ.