ಕೈಪ್ ಚಿತ್ರದ ನಕಲು: ಆಕಾಶ ಮುಗಿಯಿತು, ನೆಲದ ಕೆಲಸ ಶುರು

ಆಕಾಶದ ಪದರ ಕೊನೆಗೂ ಒಣಗಿದೆ, ಬೆರಳಿಟ್ಟರೆ ಅಂಟುವುದಿಲ್ಲ. ಮಳೆಗಾಲದಲ್ಲಿ ಅಗಸೆಎಣ್ಣೆ ಬೆರೆಸಿದ ಬಣ್ಣ ಒಣಗುವುದೇ ನಿಧಾನ. ಹಾಗಾಗಿ ಮುಂಭಾಗದ ಗಿಡಗಂಟಿಗೆ ಈಗಷ್ಟೇ ಕೈಹಾಕಿದ್ದೇನೆ.

ನಕಲು ಮಾಡುತ್ತಿರುವುದು ಡಚ್ ಚಿತ್ರಕಾರ ಆಲ್ಬರ್ಟ್ ಕೈಪ್‌ನ ‘ಕುದುರೆ ಸವಾರ ಮತ್ತು ರೈತರಿರುವ ನದಿದೃಶ್ಯ’. 1650ರ ದಶಕದ ಕೊನೆಯ ಹೊತ್ತಿನ ತೈಲಚಿತ್ರ. ಲಂಡನ್ನಿನ ನ್ಯಾಷನಲ್ ಗ್ಯಾಲರಿ ಇದನ್ನು 1989ರಲ್ಲಿ ಕೊಂಡಿತು. ಮೂಲ 123 × 241 ಸೆಂ.ಮೀ., ನನ್ನ ಕ್ಯಾನ್ವಾಸ್ 46 × 90. ಅಗಲ ಎತ್ತರದ ಎರಡರಷ್ಟಿರುವುದರಿಂದ ಕಣ್ಣು ಹೊಳೆಯ ಜೊತೆಗೇ ಅಡ್ಡಕ್ಕೆ ಹರಿಯುತ್ತದೆ. ಆ ಅಳತೆ ಬದಲಿಸಲು ಮನಸ್ಸು ಬರಲಿಲ್ಲ.

ಕೈಪ್ 1620ರಲ್ಲಿ ಹುಟ್ಟಿದ್ದು, 1691ರಲ್ಲಿ ತೀರಿಕೊಂಡದ್ದು ಎರಡೂ ನೆದರ್ಲೆಂಡ್ಸ್‌ನ ಡೊರ್ಡ್ರೆಕ್ಟ್‌ನಲ್ಲೇ. ಸುತ್ತ ನೀರು, ಮಟ್ಟಸ ಹುಲ್ಲುಗಾವಲು, ಬೆಟ್ಟವೇ ಇಲ್ಲ. ಆತ ಇಟಲಿಗೆ ಹೋದ ದಾಖಲೆಯೂ ಇಲ್ಲ. ರೋಮ್‌ನಿಂದ 1640ರ ದಶಕದ ಆರಂಭದಲ್ಲಿ ಉಟ್ರೆಕ್ಟ್‌ಗೆ ಮರಳಿದ ಡಚ್ ಚಿತ್ರಕಾರ ಯಾನ್ ಬೋತ್‌ನ ಚಿತ್ರಗಳಿಂದ ಆ ದಕ್ಷಿಣದ ಬೆಳಕನ್ನು ಕಲಿತ. ಮುಂದೆ ರೈನ್ ತೀರದಲ್ಲಿ ನೈಮೆಗೆನ್, ಕ್ಲೀವ್ ಕಡೆ ಓಡಾಡಿ ರೇಖಾಚಿತ್ರ ಮಾಡಿಕೊಂಡ. ಕಂಡ ಗುಡ್ಡಕ್ಕೆ ಕಾಣದ ನಾಡಿನ ಸಂಜೆಯನ್ನು ಹೊದಿಸಿದ್ದಾನೆ, ಅದೂ ಅನುಮಾನಕ್ಕೆ ಎಡೆಯಿಲ್ಲದಂತೆ. ನನಗೆ ಈ ಚಿತ್ರದ ಹುಚ್ಚು ಹಿಡಿದದ್ದೇ ಇದಕ್ಕೆ.

ಈಗ ಬಣ್ಣದ ವಿಷಯ. ದೂರದಿಂದ ನೋಡಿದರೆ ಇಡೀ ಚಿತ್ರ ಹಳದಿ. ಸುತ್ತಲಿನ ಬಣ್ಣ ಕಣ್ಣಿಗೆ ಬೀಳದಂತೆ ಬೂದು ರಟ್ಟಿನಲ್ಲಿ ಸಣ್ಣ ತೂತು ಮಾಡಿ, ಪರದೆಯ ಮೇಲೆ ಹಿಗ್ಗಿಸಿದ ಚಿತ್ರಕ್ಕೆ ಅದನ್ನು ಹಿಡಿದು ಒಂದೊಂದೇ ಜಾಗ ನೋಡಿದೆ. ದೂರದ ಬೆಟ್ಟದಲ್ಲಿ ಹಳದಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಅದು ನೇರಳೆ ಬೆರೆತ ಬೂದು. ಆಕಾಶದ ಹೊಂಬಣ್ಣ ಎದ್ದು ಕಾಣುವುದು ಅದರ ಪಕ್ಕ ಈ ತಣ್ಣನೆಯ ಬೂದು ಇರುವುದರಿಂದ. ಅಲ್ಟ್ರಾಮರೀನ್ ನೀಲಿ, ಬಿಳಿ, ಚೂರು ಕೆಂಗಂದು ಬಣ್ಣದ ಬರ್ನ್ಟ್ ಸಿಯೆನ್ನಾ ಸೇರಿಸಿ ಬೆಟ್ಟ ಹಚ್ಚಿದ ಕೂಡಲೇ ಆಕಾಶವನ್ನು ಮುಟ್ಟದೆಯೇ ಅದು ಬೆಳಗಿತು. ಅಂದು ರಾತ್ರಿ ಬಹಳ ಹೊತ್ತು ಕ್ಯಾನ್ವಾಸಿನ ಮುಂದೆಯೇ ಕೂತಿದ್ದೆ.

ಮುಂಭಾಗದಲ್ಲಿ ಇದೇ ಪಾಠ ಇನ್ನೂ ಹತ್ತಿರದಿಂದ ಕಾಣುತ್ತದೆ. ಅಗಲ ಎಲೆಯ ಒಡಲನ್ನು ಕಂದು-ಹಸಿರಿನಲ್ಲಿ ಮಂಕಾಗಿ ಬಿಟ್ಟು, ಅಂಚಿಗೆ ಮಾತ್ರ ದಪ್ಪ ಬಣ್ಣದ ಒಂದೆಳೆ ಇಟ್ಟರೆ ಸಾಕು, ಬೆಳಕು ಹಾಯ್ದು ಬಂದಂತೆ ಕಾಣುತ್ತದೆ. ಅಂಥ ಅಂಚುಗಳಿಗೆ ಅಂದಿನ ಡಚ್ ಕಲಾವಿದರ ಕೈಲಿದ್ದದ್ದು ಸೀಸ-ತವರದ ಹಳದಿ. 18ನೇ ಶತಮಾನದ ಮಧ್ಯದ ಹೊತ್ತಿಗೆ ಅದು ಬಳಕೆಯಿಂದಲೇ ಮರೆಯಾಗಿ, 1941ರಲ್ಲಿ ಮತ್ತೆ ಗುರುತಿಗೆ ಬಂತು. ಸೀಸ ವಿಷ, ಮನೆಯಲ್ಲಿ ಬೇಡವೆಂದು ನಿಂಬೆಹಳದಿಯ ಕ್ಯಾಡ್ಮಿಯಂ ಲೆಮನ್‌ಗೆ ಬಿಳಿ, ತುಸು ಮಣ್ಣುಹಳದಿಯ ಓಕರ್ ಬೆರೆಸಿಕೊಂಡೆ. ಮೂಲದ ಮೆದುವು ಪೂರ್ತಿ ಬಾರದಿದ್ದರೂ ಹೊಂದುತ್ತಿದೆ.

ಎಡಬದಿಯ ಪೊದೆಯಲ್ಲಿ ಬಾತುಕೋಳಿಗಳಿಗೆ ಗುರಿಯಿಟ್ಟು ಬಗ್ಗಿರುವ ಬೇಟೆಗಾರನ ಗೆರೆ ಹಾಕಿಟ್ಟಿದ್ದೇನೆ. ಇಷ್ಟು ನೆಮ್ಮದಿಯ ಸಂಜೆಯಲ್ಲಿ ಬಂದೂಕೊಂದನ್ನು ಬಚ್ಚಿಟ್ಟದ್ದು ಕೈಪ್‌ನ ದೊಡ್ಡತನವೆಂದೇ ನನ್ನ ಲೆಕ್ಕ. ಮೊದಲು ದನಗಳ ಬೆನ್ನು, ಆಮೇಲೆ ಅವನು. ಸವಾರನ ಕುದುರೆ ಎಲ್ಲಕ್ಕಿಂತ ಕೊನೆಗೆ.