ಬಿಸಿಯಾದ ಮೇಲೆ ಮಾಯವಾಗುತ್ತಿದ್ದ ಎನ್2

ಕೊನೆಗೂ ಕಳ್ಳ ಸಿಕ್ಕಿದ. ನಮ್ಮ 2001ರ ಮರ್ಸಿಡಿಸ್ ಇ-ಕ್ಲಾಸ್‌ನ (ಡಬ್ಲ್ಯೂ210 ಮಾಡೆಲ್) ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸುವ ಅಗತ್ಯವೇ ಬರಲಿಲ್ಲ. ಕೆಟ್ಟಿದ್ದು ವಾಲ್ವ್ ಬಾಡಿ (ಆಯಿಲ್ ಒತ್ತಡದಿಂದ ಗೇರ್ ಬದಲಾಯಿಸುವ ಭಾಗ) ಮೇಲೆ ಕೂರುವ, ವಿದ್ಯುತ್ ಸಂಪರ್ಕಗಳಿರುವ ಕಂಡಕ್ಟರ್ ಪ್ಲೇಟಿನ ಒಂದೇ ಒಂದು ಸ್ಪೀಡ್ ಸೆನ್ಸರ್, ಎನ್2. ಅದೂ ಆಯಿಲ್ ಚೆನ್ನಾಗಿ ಕಾದ ಮೇಲೆ ಮಾತ್ರ.

ಈ ಗಾಡಿಯಲ್ಲಿರುವ 722.6 ಗೇರ್‌ಬಾಕ್ಸ್ ಇಟ್ಟುಕೊಂಡವರಿಗೆ 13 ಪಿನ್ ಕನೆಕ್ಟರ್ ಕಥೆ ಗೊತ್ತೇ ಇದೆ. ಅದರ ಓ-ರಿಂಗ್ ಗಟ್ಟಿಯಾಗಿ ಆಯಿಲ್ ಜಿನುಗುತ್ತದೆ, ವೈರಿನ ಒಳಗೇ ಹತ್ತಿಕೊಂಡು, ಗೇರ್‌ಬಾಕ್ಸ್ ನಡೆಸುವ ಕಂಪ್ಯೂಟರ್ ಆದ ಕಂಟ್ರೋಲ್ ಯೂನಿಟ್ಟಿನವರೆಗೂ ಹೋಗುತ್ತದೆ. ಅದನ್ನು ಮೊದಲೇ ಬದಲಾಯಿಸಿ, ಯೂನಿಟ್ಟಿನ ಪಿನ್‌ಗಳನ್ನೂ ಕ್ಲೀನ್ ಮಾಡಿಯಾಗಿತ್ತು. ಆದರೂ ಕಾಯಿಲೆ ಹೋಗಲಿಲ್ಲ.

ಬೆಳಿಗ್ಗೆ ದಾವಣಗೆರೆ ಊರೊಳಗೆ ಎಷ್ಟು ಸುತ್ತಿದರೂ ಗಾಡಿ ಸುಮ್ನೆ ಇರುತ್ತಿತ್ತು. ಐದೂ ಗೇರ್ ನೀಟಾಗಿ ಬೀಳುತ್ತಿದ್ದವು. ಮಧ್ಯಾಹ್ನದ ಬಿಸಿಲಲ್ಲಿ ಹೈವೇ ಹತ್ತಿ ಆನಗೋಡು ದಾಟಿ ಭರಮಸಾಗರದ ಕಡೆ ಹೊರಟರೆ ಶುರು. ಇದ್ದಕ್ಕಿದ್ದಂತೆ ಲಿಂಪ್ ಮೋಡ್, ಅಂದರೆ ದೋಷ ಕಂಡಾಗ ಹೋಗುವ ರಕ್ಷಣೆಯ ಸ್ಥಿತಿ. ಯಾವ ಗೇರಲ್ಲಿ ಇದೆಯೋ ಅದರಲ್ಲೇ ಗಟ್ಟಿ. ಪಕ್ಕಕ್ಕೆ ಹಾಕಿ, ಪಿ ಗೆ ತಂದು, ಆಫ್ ಮಾಡಿ, ಹತ್ತು ಸೆಕೆಂಡು ಕಾದು ಸ್ಟಾರ್ಟ್ ಮಾಡಿದರೆ ಮತ್ತೆ ಸರಿ. ಸ್ವಲ್ಪ ದೂರ ಹೋದರೆ ಮತ್ತೆ ಅದೇ.

ಸ್ಕ್ಯಾನರ್ ಕೊಡುತ್ತಿದ್ದ ಕೋಡ್‌ನ ಅರ್ಥ ಇಷ್ಟು: ಗೇರ್ ತಾಳೆಯಾಗುತ್ತಿಲ್ಲ, ಅಥವಾ ಗೇರ್‌ಬಾಕ್ಸ್ ಜಾರುತ್ತಿದೆ. ಬೆಂಗಳೂರಿನ ಒಂದು ಗ್ಯಾರೇಜಿನವರು 'ಜಾರುತ್ತಿದೆ' ಅನ್ನುವ ಅರ್ಧವನ್ನಷ್ಟೇ ಓದಿ, ಗಾಡಿ ನೋಡದೆ ಫೋನಲ್ಲೇ ಓವರ್‌ಹಾಲ್ ಅಂದುಬಿಟ್ಟರು. ಲಕ್ಷದ ಮೇಲಿನ ಮಾತು. ನನಗೆ ಸಿಟ್ಟು ಬಂದಿದ್ದು ರೇಟಿಗಲ್ಲ. ಆ ಅರ್ಧ ವಾಕ್ಯದ ಮೇಲೆ ಎಷ್ಟು ಒಳ್ಳೆಯ ಗೇರ್‌ಬಾಕ್ಸ್‌ಗಳು ಬಿಚ್ಚಿ ಹಾಳಾಗಿವೆಯೋ ಅಂತ.

ಜಾರುತ್ತಿದೆಯೋ ಇಲ್ಲವೋ ಅಂತ ಕಂಟ್ರೋಲ್ ಯೂನಿಟ್ ಕ್ಲಚ್ ಮುಟ್ಟಿ ನೋಡುವುದಿಲ್ಲ, ಲೆಕ್ಕ ಹಾಕುತ್ತದೆ ಅಷ್ಟೆ. ಎನ್2 ಮುಂದಿನ ಗೇರ್ ಗುಂಪಿನ ನಡುವಿನ ಸನ್ ಗೇರ್ ಎಷ್ಟು ತಿರುಗುತ್ತಿದೆ ಅಂತ ಓದುತ್ತದೆ, ಅದರ ಜೋಡಿ ಸೆನ್ಸರ್ ಎನ್3 ಅದೇ ಗುಂಪಿನ ಪ್ಲಾನೆಟ್ ಕ್ಯಾರಿಯರ್ (ಸುತ್ತಲಿನ ಸಣ್ಣ ಗೇರುಗಳನ್ನು ಹಿಡಿದಿರುವ ಚೌಕಟ್ಟು) ಓದುತ್ತದೆ. ಔಟ್‌ಪುಟ್ ಕಡೆಗೆ ಬೇರೆ ಸೆನ್ಸರ್ ಇಲ್ಲ, ಹಿಂದಿನ ಚಕ್ರಗಳ ಎಬಿಎಸ್ ಲೆಕ್ಕವನ್ನೇ ತೆಗೆದುಕೊಳ್ಳುತ್ತದೆ. ಒಂದು ಮತ್ತು ಐದನೇ ಗೇರಲ್ಲಿ ಆ ಸನ್ ಗೇರನ್ನು ಗೇರ್‌ಬಾಕ್ಸ್ ಒಳಗಿನ ಬ್ರೇಕ್ ಹಿಡಿದು ನಿಲ್ಲಿಸಿರುತ್ತದೆ, ಹಾಗಾಗಿ ಎನ್2 ಸೊನ್ನೆ ತೋರಿಸಬೇಕು. ಎರಡು, ಮೂರು, ನಾಲ್ಕರಲ್ಲಿ ಎನ್2, ಎನ್3 ಎರಡೂ ಒಂದೇ ಸಂಖ್ಯೆ ತೋರಿಸಬೇಕು. ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಎನ್2, ಎನ್3 ಸಂಖ್ಯೆ ನೋಡಲು ಬಾಮೈದನ ಕೈಗೆ ಲ್ಯಾಪ್‌ಟಾಪ್ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡೆ. ಎರಡು, ಮೂರು, ನಾಲ್ಕರಲ್ಲಿ ಇರುವಾಗೆಲ್ಲ "ಭಾವ, ಎರಡೂ ಒಂದೇ ಇದೆ, ಒಂದೇ ಇದೆ" ಅಂತ ಹೇಳುತ್ತಲೇ ಬಂದ. ಭರಮಸಾಗರ ಹತ್ತಿರ ಬಂತು, ಆಯಿಲ್ 90 ಡಿಗ್ರಿ ದಾಟಿತು. ಸರ್ವಿಸ್ ರಸ್ತೆಗೆ ಇಳಿಸಿ ಲಿವರ್ ಎಳೆದು ಮೂರನೇ ಗೇರಲ್ಲೇ ಹಿಡಿದೆ. ಎನ್3 ಎರಡು ಸಾವಿರದ ಆಸುಪಾಸಿನಲ್ಲಿ ಕದಲದೆ ನಿಂತಿತ್ತು. ಎನ್2 ಒಂದು ಸಲ ತಡಬಡಿಸಿ ನೇರ ಸೊನ್ನೆಗೆ ಬಿತ್ತು. ಮರುಕ್ಷಣವೇ ಲಿಂಪ್ ಮೋಡ್. "ಭಾವ, ಹೋಯ್ತು!" ಅಂತ ಅವನು ಕಿರುಚಿದ ಖುಷಿ ನೋಡಬೇಕಿತ್ತು.

ನಿಜವಾಗಿ ಕ್ಲಚ್ ಜಾರಿದ್ದರೆ ಎಂಜಿನ್ ಆರ್‌ಪಿಎಂ ಏರಬೇಕಲ್ವಾ? ಅದು ಒಂದಿಷ್ಟೂ ಏರಲಿಲ್ಲ. ಓಡುವ ಗಾಡಿಯ ಮೂರನೇ ಗೇರಲ್ಲಿ ಸನ್ ಗೇರ್ ಒಂದೇ ಏಟಿಗೆ ನಿಲ್ಲುವುದೂ ಸಾಧ್ಯವಿಲ್ಲ. ಅಂದರೆ ಲೋಹ ತಿರುಗುತ್ತಲೇ ಇದೆ, ಸುದ್ದಿ ಮಾತ್ರ ಬರುತ್ತಿಲ್ಲ. ವೈರಿಂಗ್ ಮೇಲೆ ಅನುಮಾನ ಉಳಿದಿತ್ತು. ಎರಡೂ ಸೆನ್ಸರಿಗೆ 6 ವೋಲ್ಟ್ ಸಪ್ಲೈ ಒಂದೇ ಕಡೆಯಿಂದ ಬರುತ್ತದೆ. ಅದು ಬಿದ್ದಿದ್ದರೆ ಎನ್3 ಕೂಡ ಸಾಯಬೇಕಿತ್ತು. ಉಳಿದಿದ್ದು ಎನ್2ರ ಸಿಗ್ನಲ್ ವೈರ್. ಬಿಸಿ ಆರುವ ಮೊದಲೇ ಅದನ್ನು ತುದಿಯಿಂದ ತುದಿಗೆ ಮೀಟರ್ ಹಿಡಿದು, ಎಳೆದು, ಬಗ್ಗಿಸಿ ನೋಡಿದ್ದಾಯಿತು. ತುಂಡಿಲ್ಲ, ಶಾರ್ಟ್ ಇಲ್ಲ. ಹಾಗಾಗಿ ಕಳ್ಳ ಪ್ಲೇಟಿನ ಮೇಲಿನ ಎನ್2 ಸೆನ್ಸರೇ.

ಇನ್ನು ಪ್ಲೇಟ್ ತರಿಸಿದ ಗೋಳು. ಮೊದಲು ಬಂದಿದ್ದಕ್ಕೆ ಹೊಸ ಡಬ್ಬ, ಹೊಸ ಸ್ಟಿಕ್ಕರ್. ತೆಗೆದು ಬೆಳಕಿಗೆ ಹಿಡಿದರೆ ಪಿನ್‌ಗಳ ಬುಡದಲ್ಲಿ ಕಂದು ಬಣ್ಣದ ಹಳೇ ಆಯಿಲ್, ಸೊಲೆನಾಯ್ಡ್ ಕೂರುವ ಜಾಗದಲ್ಲಿ ಸ್ಪ್ರಿಂಗ್ ಪಟ್ಟಿ ಉಜ್ಜಿದ ಗೀರು. ಯಾವುದೋ ಗಾಡಿಯಲ್ಲಿ ಓಡಿ ಬಂದ ಮಾಲನ್ನು ತೊಳೆದು ಹೊಸದು ಅಂತ ಮಾರಿದ್ದಾರೆ. ಫೋನ್ ಮಾಡಿದರೆ "ಸೇಮ್ ಟು ಸೇಮ್ ಸಾರ್" ಅನ್ನುತ್ತಾರೆ. ಜತೆಗೆ ಮರ್ಸಿಡಿಸ್ 236.14 ದರ್ಜೆಯ ಗೇರ್‌ಬಾಕ್ಸ್ ಆಯಿಲ್ ಕೇಳಿದರೆ ಬೇರೆ ದರ್ಜೆಯ ಡೆಕ್ಸ್‌ರಾನ್ 3 ಕಳಿಸಿದ್ದರು. ಎರಡನ್ನೂ ವಾಪಸ್ ಮಾಡಿ ಬೇರೆ ಕಡೆಯಿಂದ ಸರಿಯಾದದ್ದು ತರಿಸುವಷ್ಟರಲ್ಲಿ ಸಾಕುಬೇಕಾಯಿತು. ತರಿಸುವವರು ದುಡ್ಡು ಕೊಡುವ ಮೊದಲು ಪಿನ್‌ಗಳ ಬುಡದ ಫೋಟೋ ಕೇಳಿ, ಡಬ್ಬದ ಫೋಟೋ ಬೇಡ.

ಪ್ಯಾನ್ ಇಳಿಸಿದಾಗ ಮ್ಯಾಗ್ನೆಟ್ ಮೇಲೆ ತೆಳ್ಳನೆ ಬೂದು ಪುಡಿ ಬಿಟ್ಟರೆ ಏನೂ ಇರಲಿಲ್ಲ. ಚೂರಿಲ್ಲ, ಸುಟ್ಟ ವಾಸನೆಯಿಲ್ಲ. ಅದನ್ನು ನೋಡಿ ಮನಸ್ಸಿಗೆ ಎಷ್ಟು ಹಾಯಾಯಿತು ಗೊತ್ತಾ! ವಾಲ್ವ್ ಬಾಡಿ ಇಳಿಸಿ ಹೊಸ ಪ್ಲೇಟ್ ಕೂರಿಸಿದ್ದಾಯಿತು. ಬೋಲ್ಟ್‌ಗಳಿಗೆ 8 ನ್ಯೂಟನ್ ಮೀಟರ್ ಮಾತ್ರ, ಸಣ್ಣ ಟಾರ್ಕ್ ವ್ರೆಂಚ್ ಇಲ್ಲದೆ ಕೈ ಹಾಕಬೇಡಿ.

ಆಯಿಲ್ ಲೆವೆಲ್ ಬಗ್ಗೆ ಒಂದು ಮಾತು. 80 ಡಿಗ್ರಿಯಲ್ಲಿ, ಎಂಜಿನ್ ಓಡುತ್ತಿರುವಾಗ, ಪಿ ಯಲ್ಲಿ ನೋಡಬೇಕು. ಆದರೆ ಪಿ ಮತ್ತು ಎನ್ (ನ್ಯೂಟ್ರಲ್) ನಲ್ಲಿ ಸ್ಕ್ಯಾನರ್ ತೋರಿಸುವ ಉಷ್ಣತೆ ಗೇರ್‌ಬಾಕ್ಸಿನದಲ್ಲ! ಪಿ, ಎನ್ ಬಿಟ್ಟು ಬೇರೆಡೆ ಸ್ಟಾರ್ಟ್ ಆಗದಂತೆ ತಡೆಯುವ ಸ್ಟಾರ್ಟರ್ ಲಾಕ್ ಕಾಂಟ್ಯಾಕ್ಟ್ ಮತ್ತು ಆಯಿಲ್ ಟೆಂಪರೇಚರ್ ಸೆನ್ಸರ್ ಒಂದೇ ಸಾಲಿನಲ್ಲಿವೆ. ಪಿ ಗೆ ಹಾಕಿದ ಕೂಡಲೇ ಆ ದಾರಿ ತೆರೆದುಕೊಳ್ಳುತ್ತದೆ, ಆಮೇಲೆ ಕಾಣುವುದು ಎಂಜಿನ್ ಉಷ್ಣತೆ. ಬ್ರೇಕ್ ಒತ್ತಿ ಹಿಡಿದು ಡಿ ಯಲ್ಲಿ 80 ಓದಿ, ತಕ್ಷಣ ಪಿ ಗೆ ತಂದು ಆಯಿಲ್ ಅಳೆಯುವ ಸ್ಟಿಕ್ ಹಾಕಿ. ಬಿಸಿಲಲ್ಲಿ ಎಂಜಿನ್ ಬೇಗ ಕಾಯುತ್ತದೆ, ಗೇರ್‌ಬಾಕ್ಸ್ ನಿಧಾನ. ಪಿ ಯಲ್ಲೇ ಓದಿದರೆ ಆಯಿಲ್ ತಣ್ಣಗಿರುವಾಗಲೇ ಅಳೆದು ಜಾಸ್ತಿ ಸುರಿಯುವುದು ಖಂಡಿತ.

ಅಡಾಪ್ಟೇಷನ್ (ಗೇರ್ ಬೀಳುವ ರೀತಿಯ ಬಗ್ಗೆ ಕಂಟ್ರೋಲ್ ಯೂನಿಟ್ ಕಲಿತಿಟ್ಟುಕೊಂಡ ಹೊಂದಾಣಿಕೆ) ರೀಸೆಟ್ ಮಾಡಿ, ಉರಿಬಿಸಿಲಲ್ಲೇ ಚಿತ್ರದುರ್ಗಕ್ಕೆ ಹೋಗಿ, ಜೋಗಿಮಟ್ಟಿ ರಸ್ತೆಯ ಏರು ಹತ್ತಿಸಿ ಬಂದೆವು. ಎರಡು, ಮೂರು, ನಾಲ್ಕರಲ್ಲಿ ಎರಡೂ ಸಂಖ್ಯೆ ಜೋಡಿಯಾಗಿಯೇ ಓಡಿದವು. ಎರಡರಿಂದ ಮೂರಕ್ಕೆ ಬೀಳುವಾಗ ಸಣ್ಣ ತಳ್ಳು ಇನ್ನೂ ಇದೆ, ಅಡಾಪ್ಟೇಷನ್ ಕಲಿತ ಮೇಲೆ ನೋಡಬೇಕು. ಪ್ಯಾನಿನಿಂದ ಇಳಿದದ್ದು ನಾಲ್ಕು ಲೀಟರ್ ಅಷ್ಟೆ, ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವಿನ ಟಾರ್ಕ್ ಕನ್ವರ್ಟರ್ ಒಳಗಿನ ಹಳೆಯದು ಈಗ ಹೊಸದರ ಜತೆ ಬೆರೆತಿದೆ. ಇನ್ನೊಂದು ಸಲ ಬದಲಾಯಿಸಲು ಡಬ್ಬಗಳು ಶೆಡ್ಡಿನಲ್ಲಿ ರೆಡಿ.

ಅದೇ ಶೆಡ್ಡಿನಲ್ಲಿ ಟಾರ್ಪಾಲಿನ್ ಕೆಳಗೆ ಚಿಕ್ಕಪ್ಪನ ಅಂಬಾಸಿಡರ್ ಮಾರ್ಕ್ 4 ಕಾಯುತ್ತಿದೆ. 1489 ಸಿಸಿ ಪೆಟ್ರೋಲ್ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಲಿವರ್. ಲಿವರ್ ಲಡಬಡ ಅನ್ನುತ್ತದೆ, ಎರಡನೇ ಗೇರ್ ಹುಡುಕಿ ಹಾಕಬೇಕು. ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಲಿಂಕೇಜಿನ ಬುಷ್‌ಗಳು ಸವೆದಿವೆ ಅಂತ ಕಾಣುತ್ತದೆ, ಹಳೇ ಸ್ಟಾಕ್ ಸಿಗದಿದ್ದರೆ ಹರಿಹರದಲ್ಲಿ ಲೇತ್ ಇಟ್ಟುಕೊಂಡಿರುವ ಪರಿಚಯದವರ ಹತ್ತಿರ ಹಿತ್ತಾಳೆಯಲ್ಲಿ ಮಾಡಿಸುವ ಯೋಚನೆ ಇದೆ. ನಿಮ್ಮಲ್ಲಿ ಯಾರಾದರೂ ಸವೆಯದ ಬುಷ್ ಇಟ್ಟುಕೊಂಡಿದ್ದರೆ ಕ್ಯಾಲಿಪರ್ ಹಿಡಿದು ಒಳ ಹೊರ ಅಳತೆ ತಿಳಿಸಿ.